ರಾತ್ರಿ ಸಂಚಾರ ನಿಷೇಧ

(ಮದ್ದೂರು ಚೆಕ್‌ಪೋಸ್ಟ್ ಹತ್ತಿರದ ಒಂದು ಮನೆ. ಅಟ್ಟದ ಕೆಳಗೆ ಪೈಪು, ದಾರ, ಎರಡು ಸೈಕಲ್ ಬೆಲ್ಲು. ಮಧ್ಯೆ ಬಾವ.)

ಮೈದ: ಏನ್ ಬಾವ ಇದು?

ಬಾವ: ಇಲಿ ಚೆಕ್‌ಪೋಸ್ಟು ಕನ. ಬಂಡೀಪುರದ ಕಾಡ್ ರಸ್ತೇಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ಗಂಟ ಗಾಡಿ ಬುಡಾಕಿಲ್ಲ. ನಮ್ಮನೆ ಇಲಿಗಳು ಸರಿಯಾಗಿ 9ಕ್ಕೇ ಹೊಂಡ್ತವ! ಈ ಪೈಪಲ್ಲಿ ನುಗ್ಗುದ್ರೆ ಗೇಟ್ ಬೀಳ್ತದ, ಬೆಲ್ ಹೊಡ್ಕತದ, ನಾನು ಏಳ್ತೀನಿ.

ಮೈದ: ನೀವಾ? ಮೊನ್ನೆ ಆನೆ ಬಂದು ಬಾಳೆ ಮುರುದ್ರೂ ಏಳ್ನಿಲ್ವಲ್ಲ!

ಬಾವ: ಅದ್ಕೇ ಎರಡ್ನೇ ಬೆಲ್ಲು ನಿಮ್ಮಕ್ಕನ ಕಿವಿ ಹತ್ರ.

ಮೈದ: ಅಮೆರಿಕದ ಹೂಕರ್ ಅನ್ನೋನು 1894ರಲ್ಲೇ ಸ್ಪ್ರಿಂಗ್ ಕತ್ತರಿಗೆ ಪೇಟೆಂಟ್ ತಗಂಡ. ಆ ದೇಶದಲ್ಲಿ ಇಲಿ ಹಿಡಿಯಾಕೆ 4000ಕ್ಕೂ ಹೆಚ್ಚು ಪೇಟೆಂಟ್ ಕೊಟ್ಟವ್ರೆ. ಇಲಿ ಮುಗುದ್ವಾ?

ಬಾವ: ಅವ್ರು ಸುಟ್ಟ ಕೊಬ್ಬರಿ ಇಟ್ಟಿರಾಕಿಲ್ಲ, ಬುಡು.

(ರಾತ್ರಿ 9. ಗೇಟ್ ದಢ್. ಬೆಲ್ಲು ಟ್ರಿಣ್. ಒಳಗಿಂದ ಅಕ್ಕನ ಬೈಗುಳ, ಅಚ್ಚು ಹಾಕುವಂಥದ್ದಲ್ಲ. ಪೈಪಿನೊಳಗಿಂದ: ಮ್ಯಾವ್.)

ಮೈದ: ತುರ್ತು ವಾಹನಕ್ಕೆ ವಿನಾಯಿತಿ ಅದ, ಬುಟ್ಬುಡಿ ಬಾವ.

(ಅಟ್ಟದ ಮೇಲೆ ಯಾರೋ ಕೊಬ್ಬರಿ ಕಡಿಯುತ್ತಿದ್ದಾರೆ.)