ಬಾನೆಟ್ ಕಾಕಾ

ಕಾರಿನ ಬಾನೆಟ್ ಎತ್ತಿ ಐದು ನಿಮಿಷ ಆಗುವಷ್ಟರಲ್ಲಿ ಅವರು ಬಂದು ನಿಂತಿರುತ್ತಾರೆ. ಬೈಲಹೊಂಗಲದ ಹತ್ತಿ ಪೇಟೆಯಿರಲಿ, ಕಿತ್ತೂರಿನ ಹೈವೇ ಇರಲಿ, ರಾಮದುರ್ಗದ ಬಸ್ ಸ್ಟ್ಯಾಂಡಿರಲಿ, ಎಲ್ಲಿಂದ ಬಂದರೆಂದು ಮಾತ್ರ ಗೊತ್ತಾಗುವುದಿಲ್ಲ. ಬಿಳಿ ಟೊಪ್ಪಿಗೆ, ಬಿಳಿ ನೆಹರೂ ಶರ್ಟು, ದವಡೆಯಲ್ಲಿ ಎಲೆ-ಅಡಿಕೆ, ಎರಡೂ ಕೈ ಬೆನ್ನ ಹಿಂದೆ. ಸ್ವಂತ ಕಾರು ಇಲ್ಲ, ಎಂದೂ ಇದ್ದಿಲ್ಲ. ಇರುವುದೊಂದು ಟ್ರ್ಯಾಕ್ಟರು. ಅದನ್ನು ಹೊಡೆಯುವವನೂ ಮಗ.

ನಮಗೆ ಅವರು ಸಿಕ್ಕಿದ್ದು ಭಾರತ ಹುಣ್ಣಿಮೆಯ ಮರುದಿನ, ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ. ರಾತ್ರಿ ಅಲ್ಲೇ ವಸ್ತಿ ಇದ್ದೆವು; ಕಾರಿನ ಲೈಟು ಆರಿಸುವುದನ್ನು ನಾನು ಮರೆತಿದ್ದೆ. ಮುಂಜಾನೆ ದರ್ಶನ ಮುಗಿಸಿ, ಹಣೆತುಂಬ ಭಂಡಾರ ಹಚ್ಚಿಕೊಂಡು ಬಂದು ರಿಮೋಟ್ ಒತ್ತಿದರೆ ಕಾರು ಪಿಟ್ಟೆನ್ನಲಿಲ್ಲ. ಬುತ್ತಿ ಡಿಕ್ಕಿಯಲ್ಲಿ. ಇಂಥ ಹೊತ್ತಿಗೆ ಬೇಕಾಗುತ್ತದೆಂದು ಕೊಂಡಿಟ್ಟ ಜಂಪರ್ ಕೇಬಲ್ಲೂ ಡಿಕ್ಕಿಯಲ್ಲಿ. ಡಿಕ್ಕಿಗೋ ಕೀಲಿಕೈ ಹಾಕುವ ಕಿಂಡಿಯೇ ಇಲ್ಲ, ಕರೆಂಟಿನ ಬಟನ್ ಒಂದೇ.

ರಿಮೋಟಿನ ಹೊಟ್ಟೆಯಲ್ಲಿ ಬೆರಳುದ್ದದ ಕೀಲಿಕೈ ಇರುತ್ತದೆಂದು ಮಗಳಿಗೆ ಗೊತ್ತಿತ್ತು. ಮುಂದಿನ ಬಾಗಿಲ ಹಿಡಿಕೆಯ ಮುಚ್ಚಳ ಕಿತ್ತರೆ ಅದರ ಕಿಂಡಿ. ಬಾಗಿಲು ತೆಗೆಯಿತು. ಬಾನೆಟ್ ಎತ್ತಿದೆ. ಕಾಕಾ ಬಂದರು.

“ಏನಾಗೇತ್ರೀ ಸಾಹೇಬ್ರ?”

“ಬ್ಯಾಟ್ರಿ ಡೌನ್ ಆಗೇತ್ರಿ ಕಾಕಾ. ಡಿಕ್ಕಿ ತೆಗೀವಲ್ದು.”

“ಇಳಕಲಿನ್ಯಾಗ ನಿಂದರಸಬೇಕಿತ್ತು. ನಮ್ಮ ಟ್ರ್ಯಾಕ್ಟರ್ ದಿನಾ ಹಂಗ ನಿಂದರಸ್ತೇವಿ. ಒಂದ್ ಧಕ್ಕಾ ಕೊಟ್ರ ಧಡ್ ಅಂತ ಚಾಲೂ.”

ಇದು ಆಟೋಮ್ಯಾಟಿಕ್, ಧಕ್ಕಾಕ್ಕೆ ಬಗ್ಗುವುದಿಲ್ಲ ಎಂದೆ. ಕಾಕಾ ನನ್ನನ್ನು ನೋಡಲಿಲ್ಲ. ಇಂಥ ಮನೆಗೆ ಬಂದು ಬಿದ್ದಳಲ್ಲ ಎಂಬಂತೆ ನನ್ನ ಹೆಂಡತಿಯನ್ನು ನೋಡಿದರು.

ಆಮೇಲೆ ಹಿಂದೆ ಹೋಗಿ, ಸಂತೆಯಲ್ಲಿ ಕಲ್ಲಂಗಡಿ ಬಡಿದು ನೋಡುವಂತೆ ಡಿಕ್ಕಿಯ ಮೇಲೆ ಮೂರು ಸಲ ಬಡಿದು ಕಿವಿಗೊಟ್ಟರು. “ಒಳಗ ಐತಿ” ಎಂದರು. ಏನು ಎಂದು ಹೇಳಲಿಲ್ಲ. “ಥ್ಯಾಕರೆ ಕಿತ್ತೂರ ಖಜಾನಿಗೆ ಮೊಹರು ಬಡದಂಗ ಆತಲ್ರೀ!” ಕಾಕಾನ ಇತಿಹಾಸ ಸರಿಯಾಗಿಯೇ ಇತ್ತು. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹಾಗೆ ಮಾಡಿದ್ದು ಹೌದು, ಅಕ್ಟೋಬರ್ 23ಕ್ಕೆ ಜೀವ ಕಳೆದುಕೊಂಡದ್ದೂ ಹೌದು. ಆದರೆ ರಾಣಿ ಚೆನ್ನಮ್ಮನ ಹತ್ತಿರ ಸೈನ್ಯವಿತ್ತು. ನನ್ನ ಹತ್ತಿರ ಕಾಕಾ ಇದ್ದರು. ಅಷ್ಟರಲ್ಲಿ ಅವರು ಸೇರಿದ ಮಂದಿಗೆ ಕೆಲಸ ಹಂಚತೊಡಗಿದ್ದರು: ಒಬ್ಬನಿಗೆ ನೀರು ತರಲು, ಇನ್ನೊಬ್ಬನಿಗೆ ಕಬ್ಬಿಣದ ಸಲಾಕೆ ತರಲು.

ಸಲಾಕೆ ಎಂದಕೂಡಲೇ ನನ್ನ ಹೆಂಡತಿ ಎದ್ದಳು. ಹಿಂದಿನ ಬಾಗಿಲು ತೆಗೆದು, ಸೀಟಿನ ಪಕ್ಕದ ಪಟ್ಟಿ ಜಗ್ಗಿದಳು. ಸೀಟಿನ ಬೆನ್ನು ಮುಂದಕ್ಕೆ ಮಲಗಿತು. ಸಂದಿಯಲ್ಲಿ ರೊಟ್ಟಿಯ ಡಬ್ಬಿ ಕಂಡಿತು. ಮಗಳು ಒಳಗೆ ತೆವಳಿ, ಡಿಕ್ಕಿ ಬಾಗಿಲ ಒಳಮೈಯಲ್ಲಿದ್ದ ಸಣ್ಣ ಮುಚ್ಚಳ ಕಿತ್ತು, ಹಿಂದಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಸರಿಸಿದಳು. ಟಕ್.

“ನಾ ಮೊದಲ ಹೇಳಿದ್ನೆಲ್ಲ!” ಎಂದರು ಕಾಕಾ.

ಪಕ್ಕದ ಜೀಪಿನವನು ಗಾಡಿ ತಂದು ಎದುರು ನಿಲ್ಲಿಸಿದ. “ಕೆಂಪಿಗೆ ಕೆಂಪು, ಕರಿದಕ್ಕ ಕರಿದು” ಎಂದು ಕಾಕಾ ಆರ್ಡರ್ ಕೊಟ್ಟರು. ಅವನು ಕರಿ ವೈರಿನ ಕೊನೆಯ ತುದಿಯನ್ನು ನಮ್ಮ ಬ್ಯಾಟರಿಗೆ ಹಚ್ಚದೆ, ಕಿಡಿ ಹಾರದಿರಲೆಂದು ದೂರದ ಎಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿದ. “ಅದನ್ನೂ ಹೇಳಾವಿದ್ದೆ” ಎಂದರು. ಕಾರು ಚಾಲೂ ಆಯಿತು. ಮಂದಿ ಕಾಕಾನಿಗೇ ಕೈಮುಗಿದರು.

ಬುತ್ತಿಗೆ ಕುಳಿತಾಗ ಬ್ಯಾಡ ಬ್ಯಾಡ ಎನ್ನುತ್ತಲೇ ನಾಲ್ಕು ರೊಟ್ಟಿ, ಎಣಗಾಯಿ ಪಲ್ಯ ಮುಗಿಸಿ, ಶೇಂಗಾ ಚಟ್ನಿಗೆ ಉಪ್ಪು ಕಡಿಮೆ ಎಂದರು. ಸವದತ್ತಿಯವರೆಗೆ ಬರುತ್ತೇನೆಂದು ಕಾರು ಹತ್ತಿದರು. ದಾರಿಯಲ್ಲಿ ಯಾರದೋ ಬಾನೆಟ್ ತೆರೆದಿತ್ತು. “ತಡೀರಿ ತಡೀರಿ, ನಾ ಇಲ್ಲೇ ಇಳೀತೀನಿ” ಎಂದು ಇಳಿದೇ ಬಿಟ್ಟರು.

ಜಂಪರ್ ಕೇಬಲ್ ಈಗ ಮುಂದಿನ ಸೀಟಿನ ಕೆಳಗಿದೆ. ಬುತ್ತಿಯನ್ನು ಹೆಂಡತಿ ತೊಡೆಯ ಮೇಲಿಂದ ಇಳಿಸುವುದಿಲ್ಲ.