ತುಂಬಲೊಲ್ಲದ ಟ್ಯಾಂಕಿನ ಮೀಮಾಂಸೆ

ಕಾರಿನ ಟ್ಯಾಂಕಿಗೆ ಪೆಟ್ರೋಲ್ ತುಂಬಿಸುವ ಕಾರ್ಯದಲ್ಲಿ ಪೆಟ್ರೋಲಿಗಿರುವಷ್ಟೇ ಪಾತ್ರ ಗಾಳಿಗೂ ಇದೆಯೆಂಬ ಸಂಗತಿ ಬಹುಪಾಲು ಮಾಲೀಕರ ಗಮನಕ್ಕೆ ಬರುವುದು ಟ್ಯಾಂಕು ಕೈಕೊಟ್ಟ ಮೇಲೆಯೇ. ಖಾಲಿ ಟ್ಯಾಂಕು ಎಂದು ಲೋಕರೂಢಿಯಲ್ಲಿ ಕರೆಸಿಕೊಳ್ಳುವ ವಸ್ತು ಗಾಳಿಯಿಂದಲೂ ಪೆಟ್ರೋಲಿನ ಆವಿಯಿಂದಲೂ ಕಿಕ್ಕಿರಿದಿರುತ್ತದೆ. ಒಂದು ಲೀಟರ್ ಪೆಟ್ರೋಲ್ ಒಳಗಿಳಿಯಬೇಕಾದರೆ ಒಂದು ಲೀಟರ್ ಗಾಳಿ ಜಾಗ ತೆರವು ಮಾಡಬೇಕು, ಮತ್ತು ಬಂಕಿನ ಪಂಪು ನಿಮಿಷಕ್ಕೆ 30ರಿಂದ 40 ಲೀಟರ್ ವೇಗದಲ್ಲಿ ಸುರಿಯುತ್ತಿರುವಾಗ ಗಾಳಿಯೂ ಅದೇ ಅವಸರದಲ್ಲಿ ಹೊರಬೀಳಬೇಕು. ಕಿರಿಬಾಯಿಯ ಬಿಂದಿಗೆಯನ್ನು ಬಾವಿಯಲ್ಲಿ ಮುಳುಗಿಸಿದಾಗ ಒಳಹೋಗುವ ನೀರೂ ಹೊರಬರುವ ಗಾಳಿಯೂ ಒಂದೇ ಬಾಗಿಲಿಗಾಗಿ ಜಗಳವಾಡುತ್ತ ಎಬ್ಬಿಸುವ ಗುಳುಗುಳು ಸದ್ದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಜಗಳ ಬಗೆಹರಿಸಲೆಂದೇ ಪೆಟ್ರೋಲ್ ಇಳಿಯುವ ದಪ್ಪ ಕೊಳವೆಯ ಪಕ್ಕದಲ್ಲಿ ಗಾಳಿ ಮೇಲೇರಿ ಬರಲು ಸಣ್ಣದೊಂದು ಕೊಳವೆಯನ್ನು, ಅಂದರೆ ಟ್ಯಾಂಕಿನ ಉಸಿರುಕೊಳವೆಯನ್ನು, ಇರಿಸಿರುತ್ತಾರೆ. ಆ ಬಡಪಾಯಿ ಕೊಳವೆ ಎಲ್ಲಿಯಾದರೂ ಮುಚ್ಚಿಕೊಂಡಿತೆಂದರೆ, ಪೆಟ್ರೋಲ್ ಹಾಕಲು ತೊಡಗಿದ ಕೂಡಲೇ ಬಂಕಿನಲ್ಲಿ ‘ಟಕ್’ ಎಂಬ ಶಬ್ದ ಕೇಳಿಸುತ್ತದೆ.

ಈ ‘ಟಕ್’ ಹುಟ್ಟುವ ಬಗೆ ಸ್ವಾರಸ್ಯಕರವಾದುದು. ಬಂಕಿನ ನಾಜಲ್‌ನ ತುದಿಯ ಬಳಿ ಒಂದು ಸಣ್ಣ ರಂಧ್ರವಿದ್ದು, ಅಲ್ಲಿಂದ ಒಂದು ತೆಳು ಕೊಳವೆ ಹಿಡಿಕೆಯವರೆಗೆ ಸಾಗುತ್ತದೆ. ಇಟಲಿಯ ಭೌತವಿಜ್ಞಾನಿ ಜೊವಾನಿ ಬತಿಸ್ತ ವೆಂಚುರಿ (1746–1822) ವಿವರಿಸಿದಂತೆ, ದ್ರವವು ಇಕ್ಕಟ್ಟಾದ ದಾರಿಯಲ್ಲಿ ವೇಗವಾಗಿ ನುಗ್ಗುವಾಗ ಅಲ್ಲಿಯ ಒತ್ತಡ ಇಳಿಯುವುದರಿಂದ, ಆ ರಂಧ್ರದ ಮೂಲಕ ಗಾಳಿ ಸತತವಾಗಿ ಒಳಕ್ಕೆ ಎಳೆಯಲ್ಪಡುತ್ತಿರುತ್ತದೆ; ಪೆಟ್ರೋಲಿನ ಮಟ್ಟ ಏರಿ ಬಂದು ರಂಧ್ರವನ್ನು ಮುಚ್ಚಿದೊಡನೆ ಗಾಳಿ ನಿಂತು, ಹಿಡಿಕೆಯೊಳಗಿನ ತೆಳುಪೊರೆಯೊಂದು ಜಗ್ಗಿ, ಕೊಂಡಿ ಬಿಟ್ಟುಕೊಳ್ಳುತ್ತದೆ. ಇದರಲ್ಲಿ ವಿದ್ಯುತ್ತಿಲ್ಲ, ಸೆನ್ಸರ್ ಇಲ್ಲ, ವಿವೇಚನೆಯಂತೂ ಇಲ್ಲವೇ ಇಲ್ಲ. ಟ್ಯಾಂಕು ತುಂಬಿತೇ ಎಂಬುದು ನಾಜಲ್‌ಗೆ ಗೊತ್ತಾಗುವುದಿಲ್ಲ. ತನ್ನ ಮೂಗಿನ ತುದಿ ಒದ್ದೆಯಾಯಿತೇ ಎಂಬುದಷ್ಟೇ ಗೊತ್ತಾಗುತ್ತದೆ. ಹೊರಬರಲಾರದ ಗಾಳಿ ಪೆಟ್ರೋಲನ್ನೇ ಕೊಳವೆಯಲ್ಲಿ ಹಿಂದಕ್ಕೆ ಚಿಮ್ಮಿಸಿದರೂ ಅದು ಟ್ಯಾಂಕು ಭರ್ತಿಯಾಯಿತೆಂದೇ ಘೋಷಿಸುತ್ತದೆ.

ಘೋಷಣೆಯನ್ನು ಬಂಕಿನ ಹುಡುಗ ಕೂಡಲೇ ಅನುಮೋದಿಸುತ್ತಾನೆ. “ಫುಲ್ ಆಯ್ತು ಸರ್” ಎಂಬ ಅವನ ಮಾತಿಗೂ, ಮುಳ್ಳು ಕೆಂಪು ಗೆರೆಯ ಮೇಲೆಯೇ ಮಲಗಿರುವ ಮೀಟರಿನ ಸಾಕ್ಷ್ಯಕ್ಕೂ ನಡುವೆ ಸಿಲುಕಿದ ಮಾಲೀಕ (ಈತನನ್ನು ಪ್ರಬಂಧಕಾರನಿಂದ ಬೇರೆಯಾಗಿ ಗುರುತಿಸುವ ಪ್ರಯತ್ನವನ್ನು ಇಲ್ಲಿ ಕೈಗೊಂಡಿಲ್ಲ) ಮೊದಲು ಮಾಡುವ ಕೆಲಸವೆಂದರೆ ವಿಜ್ಞಾನವನ್ನು ಬದಿಗಿರಿಸಿ ಪರಂಪರೆಗೆ ಶರಣಾಗುವುದು. ಕರ್ನಾಟಕದ ಬಂಕುಗಳಲ್ಲಿ ಈ ಪರಂಪರೆಗೆ ‘ಗಾಡಿ ಅಲ್ಲಾಡಿಸುವುದು’ ಎಂದು ಹೆಸರು. ಮೂಲತಃ ಇದು ಮೈಲೇಜ್ ನೋಡುವವರ ವಿದ್ಯೆ. ಒಂದು ಫುಲ್ ಟ್ಯಾಂಕಿನಿಂದ ಇನ್ನೊಂದು ಫುಲ್ ಟ್ಯಾಂಕಿನವರೆಗೆ ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸುವ ಈ ಲೆಕ್ಕದಲ್ಲಿ ಟ್ಯಾಂಕಿನ ಮೂಲೆಗಳಲ್ಲಿ ಅಡಗಿದ ಗಾಳಿಗುಳ್ಳೆಗಳು ಮೋಸ ಮಾಡದಿರಲೆಂದು ಕಾರನ್ನು ಕುಲುಕುವ ಪದ್ಧತಿ ಬೆಳೆದುಬಂದಿದೆ. ಹಿಂದಿನ ಆಕ್ಸಲ್, ಸೈಲೆನ್ಸರ್ ಪೈಪುಗಳ ನಡುವೆ ಸಿಕ್ಕ ಸಂದಿಗೆ ತಕ್ಕಂತೆ ಅಂಕುಡೊಂಕಾಗಿ ಎರಕಗೊಂಡ ಇಂದಿನ ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಅಂತಹ ಮೂಲೆಗಳಿಗೆ ಬರವಿಲ್ಲವಾದ್ದರಿಂದ, ಈ ಪದ್ಧತಿಯನ್ನು ಪೂರ್ತಿ ಅವೈಜ್ಞಾನಿಕವೆಂದು ತಳ್ಳಿಹಾಕುವಂತಿಲ್ಲ.

ತುಮಕೂರು ರಸ್ತೆಯ ಬಂಕೊಂದರಲ್ಲಿ ಈ ಪದ್ಧತಿಯ ಪ್ರಯೋಗ ನಡೆದುದು ರಜೆಯ ಹಿಂದಿನ ಸಂಜೆ, ಅಂದರೆ ಬೆಂಗಳೂರೆಂಬ ಬೆಂಗಳೂರೇ ಊರಿಗೆ ಹೊರಟು ಆ ಬಂಕಿನ ಬಾಗಿಲಲ್ಲಿ ನಿಂತಿದ್ದ ಹೊತ್ತಿನಲ್ಲಿ. ಕಾರಿನ ಹಿಂಬದಿಗೆ ಎರಡೂ ಅಂಗೈಗಳನ್ನೂರಿ ಒತ್ತಿ ಬಿಡುವುದು ಕ್ರಮ. ಕಾರಿನ ಸ್ಪ್ರಿಂಗುಗಳು ಸೆಕೆಂಡಿಗೆ ಸುಮಾರು ಒಂದು ಸಲ ಏರಿಳಿಯುವ ತಮ್ಮದೇ ಲಯವನ್ನು ಹೊಂದಿರುವುದರಿಂದ, ಒತ್ತುವವನು ಆ ಲಯವನ್ನು ಹಿಡಿದರೆ ಅಲ್ಪ ಶ್ರಮಕ್ಕೆ ದೊಡ್ಡ ಕುಣಿತ ದೊರೆಯುತ್ತದೆ. ಇದಕ್ಕೆ ಭೌತವಿಜ್ಞಾನದಲ್ಲಿ ಅನುರಣನ ಎನ್ನುತ್ತಾರೆ. ಮಾಲೀಕ ಲಯವನ್ನು ಹಿಡಿದ. ಕಾರು ಕುಣಿಯಿತು, ಡಿಕ್ಕಿಯಲ್ಲಿದ್ದ ಸ್ಟೀಲ್ ಡಬ್ಬಿಗಳು ತಾಳ ಹಾಕಿದವು, ಟ್ಯಾಂಕಿನೊಳಗಿನ ಪೆಟ್ರೋಲ್ ಎದ್ದು ಬಂದು ನಾಜಲ್‌ನ ಮೂಗಿಗೆ ಬಡಿಯಿತು, ‘ಟಕ್’. ಕುಣಿತ ಜೋರಾದಷ್ಟೂ ‘ಟಕ್’ ಬೇಗ ಬರುತ್ತದೆಂಬ ಅನುಭವಜನ್ಯ ನಿಯಮ ಹೀಗೆ ಸ್ಥಾಪಿತವಾದರೂ, ಪ್ರೇಕ್ಷಕರು ನೆರೆದ ಮೇಲೆ ಪ್ರಯೋಗ ನಿಲ್ಲಿಸುವುದು ಗೌರವಸ್ಥರಿಗೆ ಸಾಧ್ಯವಾಗುವ ಕೆಲಸವಲ್ಲ.

ಆಗ ಮಾಲೀಕನಿಗೆ ಹೊಳೆದದ್ದು ಎರಡನೆಯ ಸಿದ್ಧಾಂತ: ಗಾಳಿ ಮೇಲ್ಮುಖಿಯಾದ್ದರಿಂದ, ಪೆಟ್ರೋಲ್ ಹಾಕುವ ಬಾಯಿ ಇರುವ ಎಡಬದಿ ತುಸು ಎತ್ತರದಲ್ಲಿದ್ದರೆ ಅದು ತಾನಾಗಿ ಹೊರಬರಬೇಕು. ಆ ಎಡಬದಿಯ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಬುತ್ತಿಯ ಚೀಲವಿರಿಸಿಕೊಂಡು, ಈ ಎಲ್ಲ ಕುಣಿತದ ನಡುವೆಯೂ ಕಣ್ಣು ಮುಚ್ಚಿ ಮಾಲೀಕನ ಅತ್ತೆಯವರು ವಿರಾಜಮಾನರಾಗಿದ್ದರು. ಅಳಿಯನಾದವನು ಅತ್ತೆಯವರ ಭಾರವನ್ನು ಕುರಿತು ನೇರವಾಗಿ ಮಾತನಾಡುವ ಸಂಪ್ರದಾಯ ಯಾವ ಸೀಮೆಯಲ್ಲೂ ಇಲ್ಲವಾದ ಕಾರಣ, ವಿಷಯವನ್ನು ಗಾಳಿಯ ಮೂಲಕವೇ ಪ್ರಸ್ತಾಪಿಸಬೇಕಾಯಿತು.

“ಅತ್ತೆ, ಸ್ವಲ್ಪ ಆ ಕಡೆ ಸರೀತೀರಾ?”

“ಯಾಕಪ್ಪಾ?”

“ಗಾಳಿ ಹೊರಗೆ ಹೋಗ್ಲಿ ಅಂತ.”

“ಕಿಟಕಿ ಇಳಿಸು, ಹೋಗುತ್ತೆ.”

ಇಷ್ಟು ಸರಳವಾದ ಪರಿಹಾರದ ಮುಂದೆ ಶಾಸ್ತ್ರ ಮೂಕವಾಯಿತು. ಅತ್ತೆಯವರು ಕದಲಲಿಲ್ಲ; ಬದಲಿಗೆ ಹಿಂದೆ ನಿಂತಿದ್ದ ಬೈಕಿನವನೊಬ್ಬ ಹೆಲ್ಮೆಟ್ ಕೂಡ ತೆಗೆಯದೆ ಬಂದು ಎಡಬದಿಯನ್ನು ಎತ್ತಿ ಹಿಡಿಯಲು ಮುಂದಾದ. ಇನ್ನೊಬ್ಬರು ಮುಚ್ಚಳ ತೆಗೆದು ಒಂದು ರಾತ್ರಿ ಹಾಗೆಯೇ ಬಿಡಬೇಕೆಂದರು, ಮತ್ತೊಬ್ಬರು ಈ ಕಂಪನಿಯ ಕಾರನ್ನೇ ತೆಗೆದುಕೊಳ್ಳಬಾರದಿತ್ತೆಂದರು. ಮುಂದಿರುವವನ ಸಂಕಟದಲ್ಲಿ ತನ್ನ ಕಾರಿನ ಶ್ರೇಷ್ಠತೆಗೆ ಪುರಾವೆ ಹುಡುಕುವ ಈ ಕೊನೆಯ ಜಾತಿಯ ಸಲಹೆಗಾರರು ಪ್ರತಿಯೊಂದು ಸಾಲಿನಲ್ಲೂ ಒಬ್ಬರಂತೆ ಇದ್ದೇ ಇರುತ್ತಾರೆ, ಮತ್ತು ಹಾರ್ನ್ ಒತ್ತುವವರೂ ಸಾಮಾನ್ಯವಾಗಿ ಅವರೇ. ಅಂತೂ ಎತ್ತಿ, ಕುಲುಕಿ, ಕಾದು, ಮತ್ತೆ ಕುಲುಕಿ, ಟ್ಯಾಂಕಿಗೆ ಅರ್ಧ ಲೀಟರ್ ಹೆಚ್ಚಾಗಿ ಇಳಿದಾಗ ನೆರೆದ ಮಂದಿಯಲ್ಲಿ ಉಂಟಾದ ಸಂತೋಷವನ್ನು ನೋಡಿದ್ದರೆ, ಅದನ್ನು ಕಾರಿನ ರಿಪೇರಿಯೆಂದು ಯಾರೂ ಹೇಳುತ್ತಿರಲಿಲ್ಲ.

ದೋಷ ಪತ್ತೆಹಚ್ಚುವ ಸರಿಯಾದ ವಿಧಾನ ಇದಕ್ಕಿಂತ ಬಹಳ ನೀರಸವಾದುದು. ಬೇರೊಂದು ಬಂಕಿನಲ್ಲಿ ಸಲೀಸಾಗಿ ತುಂಬಿದರೆ ತಪ್ಪು ಮೊದಲ ಬಂಕಿನ ನಾಜಲ್‌ನದು. ನಾಜಲನ್ನು ತುಸು ತಿರುಗಿಸಿ, ನಿಧಾನವಾಗಿ ಹಾಕಿದಾಗ ಮಾತ್ರ ತುಂಬುವುದಾದರೆ ಗಾಳಿಯ ದಾರಿ ಕಿರಿದಾಗಿದೆ, ಆದರೆ ಪೂರ್ತಿ ಕಟ್ಟಿಲ್ಲ. ಹೇಗೆ ಹಾಕಿದರೂ ‘ಟಕ್’ ಎನ್ನುವುದಾದರೆ ಉಸಿರುಕೊಳವೆಯನ್ನೂ, ಅದರಾಚೆಯ ಕ್ಯಾನಿಸ್ಟರನ್ನೂ ಮೆಕ್ಯಾನಿಕ್ ಬಿಚ್ಚಿ ನೋಡಬೇಕು. ಕ್ಯಾನಿಸ್ಟರ್ ಎಂದರೆ ಸಂಸ್ಕರಿಸಿದ ಇದ್ದಿಲಿನ ಹರಳುಗಳನ್ನು ತುಂಬಿದ ಡಬ್ಬಿ: ಟ್ಯಾಂಕಿನಿಂದ ಹೊರಡುವ ಪೆಟ್ರೋಲ್ ಆವಿಯನ್ನು ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ, ಎಂಜಿನ್ ಓಡುವಾಗ ಆ ಆವಿಯನ್ನು ಹೀರಿ ಉರಿಸುತ್ತದೆ, ಶುದ್ಧವಾದ ಗಾಳಿ ಮಾತ್ರ ಹೊರಗೆ ಹೋಗುತ್ತದೆ. ಹೊಗೆಮಂಜಿನಿಂದ ಕಂಗೆಟ್ಟ ಕ್ಯಾಲಿಫೋರ್ನಿಯದಲ್ಲಿ 1970ರಲ್ಲಿ ಕಡ್ಡಾಯವಾದ ಈ ವ್ಯವಸ್ಥೆ ಮರುವರ್ಷ ಇಡೀ ಅಮೆರಿಕಕ್ಕೆ ಅನ್ವಯವಾಯಿತು. ಇಂದು ಭಾರತದ ಪೆಟ್ರೋಲ್ ಕಾರುಗಳಲ್ಲೂ ಇದೆ.

ಈ ದಾರಿಯ ಹೊರಬಾಯಿಯಲ್ಲಿ ಮಣ್ಣು ಮೆತ್ತಿಕೊಳ್ಳುವುದುಂಟು, ಕಣಜ ಗೂಡು ಕಟ್ಟುವುದುಂಟು. ಜೇಡವೂ ಹಿಂದೆ ಬಿದ್ದಿಲ್ಲ: ಹಳದಿ ಚೀಲಜೇಡವೊಂದು ಇಂಥ ಕೊಳವೆಯಲ್ಲಿ ಬಲೆ ನೇಯುತ್ತದೆಂಬ ಕಾರಣಕ್ಕೆ ಮಾಜ್ದಾ ಕಂಪನಿ 2011ರಲ್ಲಿ ಉತ್ತರ ಅಮೆರಿಕದಿಂದ ಸುಮಾರು 65,000 ಕಾರುಗಳನ್ನು ವಾಪಸು ಕರೆಸಿ, ಜೇಡ ನುಗ್ಗದಂತೆ ಕೊಳವೆಗೊಂದು ಸ್ಪ್ರಿಂಗ್ ತೊಡಿಸಿತು, ಜೇಡ ಅದಕ್ಕೆ ಸೊಪ್ಪು ಹಾಕದ್ದರಿಂದ 2014ರಲ್ಲಿ ಸುಮಾರು 42,000 ಕಾರುಗಳನ್ನು ಪುನಃ ಕರೆಸಿ ಸಾಫ್ಟ್‌ವೇರ್ ಬದಲಾಯಿಸಬೇಕಾಯಿತು.

ಆದರೆ ನಮ್ಮ ಕಡೆ ಕ್ಯಾನಿಸ್ಟರಿನ ಪರಮಶತ್ರು ಎಂಟು ಕಾಲಿನದಲ್ಲ. ಅದರ ಹೆಸರು ರೌಂಡ್ ಫಿಗರ್. ನಾಜಲ್ ನ್ಯಾಯವಾಗಿಯೇ ‘ಟಕ್’ ಎಂದು ನಿಂತಾಗ ಮೀಟರು 2,963 ರೂಪಾಯಿ ತೋರಿಸುತ್ತಿದ್ದರೆ, “ಮೂರು ಸಾವಿರ ಮಾಡ್ಲಾ ಸರ್?” ಎಂಬ ಪ್ರಶ್ನೆಗೆ ಬೇಡವೆಂದ ಗಿರಾಕಿ ವಿರಳ. ಲೀಟರಿಗೆ 100 ರೂಪಾಯಿ ದಾಟಿದ ಬೆಂಗಳೂರಿನಲ್ಲಿ ಆ 37 ರೂಪಾಯಿಗೆ ಬರುವ ಮೂರನೇ ಒಂದು ಲೀಟರ್, ಟ್ಯಾಂಕಿನಲ್ಲಿ ಹಿಗ್ಗುವಿಕೆಗೆಂದು ಬಿಟ್ಟ ಜಾಗಕ್ಕೆ ನುಗ್ಗಿ, ಆವಿಗೆ ಮಾತ್ರ ಮೀಸಲಾದ ಕೊಳವೆಯಲ್ಲಿ ದ್ರವರೂಪದಲ್ಲೇ ಹರಿದು ಇದ್ದಿಲನ್ನು ತೋಯಿಸಿಬಿಡಬಹುದು; ತೊಯ್ದ ಇದ್ದಿಲಿನ ಮೂಲಕ ಗಾಳಿ ಹಾಯುವುದಿಲ್ಲ; ಮುಂದಿನ ಸಲ ಟ್ಯಾಂಕು ತುಂಬುವುದಿಲ್ಲ, ತುಂಬಿದರೂ ಎಂಜಿನ್ ಸ್ಟಾರ್ಟ್ ಆಗಲು ಮೀನಮೇಷ ಎಣಿಸುತ್ತದೆ. ಚಿಲ್ಲರೆಯ ಅಭಾವದಲ್ಲಿ ಹುಟ್ಟಿದ ಈ ರೂಢಿ ಫೋನಿನಲ್ಲಿ ಪೈಸೆಪೈಸೆಯನ್ನೂ ಕೊಡಬಹುದಾದ ಕಾಲದಲ್ಲೂ ಉಳಿದಿರುವುದಕ್ಕೆ ಸೊನ್ನೆಗಳ ಮೇಲಿನ ಭಕ್ತಿಯ ಹೊರತು ಬೇರೆ ಕಾರಣ ಕಾಣುವುದಿಲ್ಲ.

ಅತಿಯಾಗಿ ತುಂಬಿಸುವುದರಲ್ಲಿ ನಗೆಗೆ ಒಗ್ಗದ ಅಂಶವೊಂದಿದೆ. ಟ್ಯಾಂಕಿನ ಬಾಯಿಂದ ಏಳುವ ಆವಿಯಲ್ಲಿ ಬೆಂಜೀನ್ ಇರುತ್ತದೆ. ಇಂದಿನ ಪೆಟ್ರೋಲಿನಲ್ಲಿ ಅದರ ಪ್ರಮಾಣ ಶೇಕಡಾ 1ನ್ನು ಮೀರಬಾರದೆಂಬ ನಿಯಮವಿದ್ದರೂ, ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುವೆಂಬುದು ನಿರ್ವಿವಾದ. ಮಾಲೀಕ ತಿಂಗಳಿಗೆ ಕೆಲವು ನಿಮಿಷ ಮೂಗು ಮುಚ್ಚಿ ಪಾರಾಗುತ್ತಾನೆ. ನಾಜಲ್ ಹಿಡಿದ ಹುಡುಗ ಎಂಟು–ಹತ್ತು ಗಂಟೆ ಅಲ್ಲಿಯೇ, ಬಹುಪಾಲು ಬಂಕುಗಳಲ್ಲಿ ಮುಖಗವಸೂ ಇಲ್ಲದೆ, ಟ್ಯಾಂಕಿನ ಬಾಯಿಗೆ ಬಗ್ಗಿ ನಿಂತಿರುತ್ತಾನೆ. ‘ಇನ್ನೂ ಸ್ವಲ್ಪ ಹಾಕು’ ಎಂದು ಅವನಿಗೆ ಅಪ್ಪಣೆ ಮಾಡುವಾಗ ಆ ಸ್ವಲ್ಪಕ್ಕೆ ಜಾಗ ಬಿಟ್ಟ ಗಾಳಿ ಯಾರ ಎದೆಗೆ ಹೋಯಿತೆಂದು ಲೆಕ್ಕ ಹಾಕುವ ಮೀಟರು ಬಂಕಿನಲ್ಲಿಲ್ಲ.

ಮಾಲೀಕನ ಕಾರಿನ ಕ್ಯಾನಿಸ್ಟರನ್ನು ಗ್ಯಾರೇಜಿನಲ್ಲಿ ಬದಲಾಯಿಸಲಾಯಿತು. ಬಳಿಕ ಅದೇ ಬಂಕಿನಲ್ಲಿ ನಾಜಲ್ ಒಂದೇ ಉಸಿರಿಗೆ 41 ಲೀಟರ್ ಸುರಿದು ನಿಂತಿತು, ಮತ್ತು ಕೈಪಿಡಿಯಲ್ಲಿ ಟ್ಯಾಂಕಿನ ಸಾಮರ್ಥ್ಯ 37 ಲೀಟರ್ ಎಂದಿದ್ದುದರಿಂದ ಹೊಸ ಜಗಳಕ್ಕೆ ನಾಂದಿಯಾಯಿತು. ಒಂದು ಡಿಗ್ರಿ ಬಿಸಿಯೇರಿದರೆ ಪೆಟ್ರೋಲ್ ಸುಮಾರು ಸಾವಿರದಲ್ಲೊಂದು ಪಾಲು ಹಿಗ್ಗುವುದರಿಂದ, ತಯಾರಕರು ಟ್ಯಾಂಕಿನಲ್ಲಿ ಖಾಲಿ ಜಾಗ ಬಿಟ್ಟು ಉಳಿದುದನ್ನಷ್ಟೇ ಕೈಪಿಡಿಯಲ್ಲಿ ನಮೂದಿಸುತ್ತಾರೆ. ಕತ್ತಿನವರೆಗಿನ ಅಳತೆ ಅದಕ್ಕಿಂತ ಹಲವು ಲೀಟರ್ ಹೆಚ್ಚಿರಬಹುದು. ಇದನ್ನೆಲ್ಲ ಬಲ್ಲವನಾಗಿಯೂ ಮಾಲೀಕ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯುಳ್ಳ 5 ಲೀಟರಿನ ಅಳತೆಯ ಪಾತ್ರೆಯನ್ನು ತರಿಸಿದ. ಗಿರಾಕಿ ಕೇಳಿದರೆ ಅಳೆದು ತೋರಿಸಬೇಕೆಂಬುದು ನಿಯಮ. ಪಾತ್ರೆಯ ಕತ್ತಿನಲ್ಲಿ ಪೆಟ್ರೋಲ್ ಗೆರೆಗೆ ಸರಿಯಾಗಿ ನಿಂತಿತು. 25 ಮಿಲಿಲೀಟರ್ ಹೆಚ್ಚುಕಡಿಮೆಗೆ ಇರುವ ವಿನಾಯಿತಿಯೂ ಬೇಕಾಗಲಿಲ್ಲ. ಅಳೆದ ಪೆಟ್ರೋಲನ್ನು ಹುಡುಗ ನೆಲದಡಿಯ ಟ್ಯಾಂಕಿಗೆ ಸುರಿಯಲು ಹೊರಟಾಗ, ಅಲ್ಲಿ ಆಳೆತ್ತರ ಮೀರಿ ನಿಂತಿದ್ದ ಕಬ್ಬಿಣದ ಕೊಳವೆಗಳು ಆ ಟ್ಯಾಂಕಿನ ಉಸಿರುಕೊಳವೆಗಳೆಂಬುದನ್ನು ಗುರುತಿಸಿದ ಮಾಲೀಕ, ಅವುಗಳ ಬಾಯಿಗೆ ಜಾಲರಿ ಇದೆಯೇ, ಕಣಜವೇನಾದರೂ ಗೂಡು ಕಟ್ಟಿದೆಯೇ ಎಂದು ಹಿಂದಿನಿಂದಲೇ ವಿಚಾರಿಸುತ್ತ ನಡೆದ.

“ಸರ್, ಮೊದಲು ಗಾಡಿ ಮುಂದಕ್ಕೆ ತಗೊಳ್ಳಿ,” ಎಂದ ಹುಡುಗ.