ಬೇಕಾಗಿದ್ದಾರೆ: ಫೇಲಾದ ಸಿಸ್ಟರ್

ಬಿ.ಎಸ್ಸಿ. ನರ್ಸಿಂಗ್‌ನಲ್ಲಿ ಡುಮ್ಕಿ ಹೊಡೆದವರಿಗೆ ನಮ್ಮ ರಾಜ್ಯದಲ್ಲಿ ಕೆಲಸಕ್ಕೇನೂ ಬರವಿಲ್ಲ. ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟ ಹುಡುಗಿ ಊರಿಗೆ ಮರಳಿದ ವಾರದೊಳಗೆ ತಾಲ್ಲೂಕು ಕೇಂದ್ರದ ಯಾವುದೋ ನರ್ಸಿಂಗ್ ಹೋಮಿನಲ್ಲಿ ಗುಲಾಬಿ ಕೋಟು ತೊಟ್ಟು ‘ಸಿಸ್ಟರ್’ ಆಗಿಬಿಟ್ಟಿರುತ್ತಾಳೆ. ಅನಾಟಮಿ ಪೇಪರಿನಲ್ಲಿ ಕೈಕೊಟ್ಟ ರಕ್ತನಾಳ ಅಲ್ಲಿ ಮೊದಲ ಚುಚ್ಚಿಗೇ ಸಿಗುತ್ತದೆ. “ನಿನ್ನ ಕೈ ಚೆನ್ನಾಗಿದೆ ಕಣಮ್ಮ” ಎಂದು ಡಾಕ್ಟರು ಮೆಚ್ಚುತ್ತಾರೆ. ಸಂಬಳದ ದಿನ ಮಾತ್ರ “ಪಾಸಾಗಿದ್ದಿದ್ರೆ ಜಾಸ್ತಿ ಕೊಡಬಹುದಿತ್ತು ನೋಡು” ಎಂದು ಮನಸಾರೆ ಮರುಗುತ್ತಾರೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಪಡೆದ ನೋಂದಣಿ ಪತ್ರ ಕಟ್ಟು ಹಾಕಿಸಿಕೊಂಡು ಅವರ ತಲೆಯ ಮೇಲೇ ತೂಗುತ್ತಿರುತ್ತದೆ. ತಪಾಸಣೆಗೆ ಬರುವವರ ಸುಳಿವು ಸಿಕ್ಕ ದಿನ ಹುಡುಗಿಗೆ ಸಂಬಳ ಸಹಿತ ರಜೆ.

ಬರ ಇರುವುದು ಓದಿಗೆ. ಅದೇ ಹುಡುಗಿ “ನಾನು ಮತ್ತೆ ಓದಬೇಕು” ಎಂದರೆ ಸಾಕು, ಅಲ್ಲಿಯವರೆಗೆ ಅವಳನ್ನು ಕಣ್ಣೆತ್ತಿಯೂ ನೋಡದ ಇಡೀ ವ್ಯವಸ್ಥೆ ಎದ್ದು ಕೂತು ಗುಣಮಟ್ಟದ ಬಗ್ಗೆ ಯೋಚಿಸತೊಡಗುತ್ತದೆ.

ನಿಯಮಗಳನ್ನು ಬೈಯುವಂತಿಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲಿನ 2021ರ ನಿಯಮಾವಳಿ ತಾಯಿಯಂತೆ ಉದಾರಿ. 4 ವರ್ಷದ ಕೋರ್ಸನ್ನು 8 ವರ್ಷದಲ್ಲಿ ಮುಗಿಸಬಹುದು. ಹಳೆಯ ಪೇಪರು ಬಾಕಿಯಿದ್ದರೂ ಮುಂದಿನ ಸೆಮಿಸ್ಟರಿನ ತರಗತಿಗೆ ಕೂರಬಹುದು. ಐದನೆಯ ಸೆಮಿಸ್ಟರಿನ ಪರೀಕ್ಷೆಗೆ ಮುಂಚೆ ಬಾಕಿ ತೀರಿಸಿದರಾಯಿತು. ಆದರೆ ಕೌನ್ಸಿಲು ಕೊಟ್ಟ 8 ವರ್ಷ ಹಾಸ್ಟೆಲ್ ವಾರ್ಡನ್ನಿಗೆ ಗೊತ್ತಿರುವುದಿಲ್ಲ. ಓದಿಗೆ ಸಾಲ ಕೊಟ್ಟ ಬ್ಯಾಂಕಿನವರಿಗಂತೂ ಗೊತ್ತಾಗುವುದೇ ಬೇಡ.

ಪಾಸಿನ ಲೆಕ್ಕ ಇನ್ನೂ ಸೊಗಸು. ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆಯಾಗಿ ಶೇ. 50 ಬರಬೇಕು. ಇಂಗ್ಲಿಷಿಗೆ ಮಾತ್ರ ರಿಯಾಯಿತಿ, ಶೇ. 40 ಸಾಕು. ಅಂದರೆ ಇಂಗ್ಲಿಷಿನಲ್ಲಿ ಇಂಗ್ಲಿಷನ್ನೇ ಬರೆಯುವಾಗ ಅರ್ಧಕ್ಕಿಂತ ಕಡಿಮೆ ಬಂದರೂ ನಡೆಯುತ್ತದೆ. ಅದೇ ಇಂಗ್ಲಿಷಿನಲ್ಲಿ ಕರುಳು, ಕಿಡ್ನಿ, ಕಿಣ್ವಗಳನ್ನು ಬರೆಯುವಾಗ ಅರ್ಧ ಬರಲೇಬೇಕು. ಸಿಂಧನೂರಿನ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಎಡವುವುದು ಸರಿಯಾಗಿ ಈ ಹತ್ತು ಅಂಕದ ಸಂದಿನಲ್ಲಿ. ವಾರ್ಡಿನಲ್ಲಿ ಅಜ್ಜಿಯೊಬ್ಬಳು “ಎದಿಯಾಗ ಚಳಕು ಹೊಡ್ಯಾಕತ್ತೈತವ್ವಾ” ಎಂದಾಗ ಅರ್ಥವಾಗುವುದು ಇವಳೊಬ್ಬಳಿಗೇ. ಪಕ್ಕದಲ್ಲಿ ನಿಂತ ರ‍್ಯಾಂಕ್ ವಿದ್ಯಾರ್ಥಿನಿಗೆ ಅದನ್ನು ಅನುವಾದಿಸಿ ಹೇಳುವುದೂ ಇವಳೇ. ಈ ವಿದ್ಯೆಗೆ ಸಿಲಬಸ್ಸಿನಲ್ಲಿ ಅಂಕವಿಲ್ಲ.

ಹಾಗಂತ ಎಲ್ಲರನ್ನೂ ಪಾಸು ಮಾಡಿ ಎನ್ನುವ ಧೈರ್ಯ ನನಗಿಲ್ಲ. ಪೊಟ್ಯಾಸಿಯಂ ಕ್ಲೋರೈಡನ್ನು ಡ್ರಿಪ್ಪಿಗೆ ಬೆರೆಸದೆ ನೇರವಾಗಿ ನರಕ್ಕೇ ಏರಿಸುವ ಕೈ ನನ್ನ ಹಾಸಿಗೆಯ ಹತ್ತಿರ ಬರಬಾರದು. ಫೇಲು ಮಾಡಿ, ಸ್ವಾಮಿ, ಧಾರಾಳವಾಗಿ ಮಾಡಿ. ಆದರೆ ಯಾಕೆ ಫೇಲಾದೆ ಎಂದು ಕೂರಿಸಿಕೊಂಡು ಒಮ್ಮೆಯಾದರೂ ಕೇಳಬೇಡವೇ? ಕೇಳಿದರೆ ಕಲಿಸಿದವರ ಲೆಕ್ಕವೂ ಬಯಲಾಗುತ್ತದೆ. ಡಿಗ್ರಿ ಕೊಡುವ ಮುನ್ನ ಪ್ರಾಕ್ಟಿಕಲ್ಲಿನಲ್ಲಿ ಶೇ. 100 ಹಾಜರಾತಿ ಇರಬೇಕೆಂಬ ನಿಯಮವಿದೆ. ಅದನ್ನು ಎಲ್ಲರೂ ಪಾಲಿಸುತ್ತಾರೆ, ಲಾಗ್ ಬುಕ್ಕಿನಲ್ಲಿ. ಕೆಲವು ಕಾಲೇಜುಗಳ ವಾರ್ಡಿನಲ್ಲಿ ರೋಗಿ ಇದ್ದರೂ ಇಲ್ಲದಿದ್ದರೂ ಪುಸ್ತಕದಲ್ಲಿ ಹೆರಿಗೆಗಳು ಸಾಲಾಗಿ, ಒಂದೇ ಶಾಯಿಯಲ್ಲಿ, ಸುಸೂತ್ರವಾಗಿ ಆಗಿರುತ್ತವೆ. ಕಲಿಸದವರು ಫೇಲಾಗುವ ಪರೀಕ್ಷೆ ಇನ್ನೂ ಶುರುವಾಗಿಲ್ಲ.

ಇನ್ನು ಕಾಲೇಜು ಬಿಡುವ ವೈಭವ. ಆಫೀಸಿನ ಕೌಂಟರಿನ ಮುಂದೆ ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ನಿಂತಿದ್ದಾನೆ.

“ಮಗಳ ಮಾರ್ಕ್ಸ್ ಕಾರ್ಡ್ ಕೊಡ್ರಿ ಸಾಹೇಬ್ರ. ಬ್ಯಾರೆ ಕಡೆ ಹಚ್ಚತೀವಿ.”

“ನಾಲ್ಕೂ ವರ್ಷದ ಫೀಸು ಕಟ್ಟಿ, ತಗೊಂಡ್ಹೋಗಿ.”

“ಕಲತಿದ್ದು ಎರಡು ವರ್ಷ ಐತ್ರಿ.”

“ಸೀಟು ಖಾಲಿಯಾಗಿದ್ದು ನಾಲ್ಕು ವರ್ಷಕ್ಕೆ ಯಜಮಾನ್ರೇ.”

ಜೊತೆಗೆ ಬಂದ ಸೋದರಳಿಯ ಸ್ವಲ್ಪ ಓದಿದವನು. ಒರಿಜಿನಲ್ ಪ್ರಮಾಣಪತ್ರ ಇಟ್ಟುಕೊಳ್ಳಕೂಡದು ಎಂದು ಯುಜಿಸಿ 2018ರ ಅಕ್ಟೋಬರಿನಲ್ಲೇ ಹೊರಡಿಸಿದ ಅಧಿಸೂಚನೆಯನ್ನು ಮೊಬೈಲಿನಲ್ಲಿ ತೆಗೆದು ತೋರಿಸುತ್ತಾನೆ. ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಪೂರ್ತಿ ಓದುತ್ತಾರೆ. “ಚೆನ್ನಾಗಿದೆ. ಇದು ಡೆಲ್ಲಿದು” ಎಂದು ಫೋನು ಹಿಂದಿರುಗಿಸುತ್ತಾರೆ. ಪಿಯುಸಿಯ ಅಂಕಪಟ್ಟಿ ಕಬ್ಬಿಣದ ಬೀರುವಿನಲ್ಲೇ ಉಳಿಯುತ್ತದೆ, ಒತ್ತೆಗೆ ಬಿದ್ದ ಸರದಂತೆ.

ಹೇಗೋ ಸಾಲ ಮಾಡಿ ಅದನ್ನೂ ಬಿಡಿಸಿಕೊಂಡರು ಎನ್ನಿ. ಮುಂದೆ? ತಿಳಿದವರು “ಜಿಎನ್‌ಎಂ ಮಾಡಿಸಿ” ಎನ್ನುತ್ತಾರೆ. 3 ವರ್ಷದ ಡಿಪ್ಲೊಮಾ. ಆಮೇಲೆ 2 ವರ್ಷ ಪೋಸ್ಟ್ ಬೇಸಿಕ್ ಓದಿದರೆ ಅದೇ ಬಿ.ಎಸ್ಸಿ. ಕೈಗೆ ಬರುತ್ತದೆ. ದಾರಿ ಒಳ್ಳೆಯದೇ. ಆದರೆ ಹಿಂದೆ ಪಾಸಾದ ಪೇಪರುಗಳು ಇಲ್ಲಿ ಲೆಕ್ಕಕ್ಕಿಲ್ಲ. ವಿಶ್ವವಿದ್ಯಾಲಯ ಬೇರೆ, ಡಿಪ್ಲೊಮಾ ಮಂಡಳಿ ಬೇರೆ. ಹೀಗಾಗಿ ನರ್ಸಿಂಗ್ ಹೋಮಿನಲ್ಲಿ ರಾತ್ರಿಪಾಳಿಯಲ್ಲಿ ಒಬ್ಬಳೇ ಹದಿನೈದು ಹಾಸಿಗೆ ನೋಡಿಕೊಂಡವಳು ಹಗಲು ತರಗತಿಯಲ್ಲಿ ಹೊಸ ಮಕ್ಕಳ ಜೊತೆ ನಿಂತು ಬೆಡ್ ಮೇಕಿಂಗ್ ಕಲಿಯುತ್ತಾಳೆ. ಬೆಡ್‌ಶೀಟಿನ ಮೂಲೆಯನ್ನು ಮಡಚಿ ಒಳಗೆ ತೂರಿಸುವುದು ಹೇಗೆ, ದಿಂಬಿನ ಬಾಯಿ ಬಾಗಿಲಿನ ಕಡೆಗೆ ಬರದಂತೆ ಇಡುವುದು ಹೇಗೆ ಎಂದು ಪ್ರೊಸೀಜರ್ ಬುಕ್ಕಿನಲ್ಲಿ ಮತ್ತೊಮ್ಮೆ ಬರೆಯುತ್ತಾಳೆ. ಜ್ವರ ಅದೇ, ಥರ್ಮಾಮೀಟರು ಅದೇ, ಆದರೂ ಹಿಂದಿನ ಕಲಿಕೆ ಅಸಿಂಧು.

ಕೃತಜ್ಞತೆಯಲ್ಲಿ ಮಾತ್ರ ನಾವು ಹಿಂದೆ ಬಿದ್ದವರಲ್ಲ. ಪ್ರತಿ ಮೇ 12ಕ್ಕೆ ನೈಟಿಂಗೇಲಮ್ಮನ ಪಟಕ್ಕೆ ಹಾರ ಹಾಕಿ, ಇದ್ದಬದ್ದ ಸಿಸ್ಟರುಗಳ ಕೈಗೆ ಒಂದೊಂದು ಗುಲಾಬಿ ಕೊಡುತ್ತೇವೆ. 2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂ ಸುರಿಸಿದವಲ್ಲ, ಆಗಲೂ ಕೆಳಗಿದ್ದವರ ರಿಜಿಸ್ಟ್ರೇಷನ್ ನಂಬರನ್ನು ಯಾರೂ ಕೇಳಲಿಲ್ಲ. 1947ರ ನರ್ಸಿಂಗ್ ಕೌನ್ಸಿಲ್ ಕಾಯಿದೆ ಹಳತಾಯಿತೆಂದು 2023ರಲ್ಲಿ ಸಂಸತ್ತು ರಾಷ್ಟ್ರೀಯ ಆಯೋಗದ ಕಾಯಿದೆಯನ್ನೂ ತಂದಿದೆ. ಕೌನ್ಸಿಲು ಹೋಗಿ ಕಮಿಷನ್ನು ಬರುವುದು ನಮಗೇನೂ ಹೊಸದಲ್ಲ. ಈ ಕ್ಷೇತ್ರದಲ್ಲಿ ಕಮಿಷನ್ನು ಮೊದಲಿಂದಲೂ ಇದೆ.

ಅದರ ಖಾತೆ ನೋಡಿಕೊಳ್ಳುವವನು ಏಜೆಂಟ್. ಫೇಲಾದ ಮಕ್ಕಳನ್ನು ಮರೆಯದ ಏಕೈಕ ಪುಣ್ಯಾತ್ಮ. ಪ್ರಾಂಶುಪಾಲರು ಹೆಸರು ಮರೆತರೂ ಅವನು ನಂಬರು ಅಳಿಸಿರುವುದಿಲ್ಲ. ಜೂನ್ ಬಂತೆಂದರೆ ಫೋನು.

“ಅಣ್ಣಾ, ಇನ್ನೊಂದ್ ಕಾಲೇಜಿದೆ. ಫಸ್ಟ್ ಇಯರಿಂದ ಫ್ರೆಶ್ಶಾಗಿ ಹಾಕ್ಸೋಣ. ಗ್ಯಾಪ್ ಕೇಳಲ್ಲ, ಪಾಸಿನ ಚಿಂತೆ ನನಗ್ಬಿಡಿ.”

“ಒರಿಜಿನಲ್ ಹಳೇ ಕಾಲೇಜಿನ್ಯಾಗ ಅದಾವಲ್ರೀ?”

“ಜೆರಾಕ್ಸ್ ನಡಿಯುತ್ತೆ ಬಿಡಿ ಅಣ್ಣಾ. ದುಡ್ಡು ಮಾತ್ರ ಒರಿಜಿನಲ್ಲೇ ತನ್ನಿ.”